ಬಿಸಿನೀರಿನ ದಾರಿ, ಹೊಗೆಯ ದಾರಿ

ಜನವರಿಯ ಬೆಳಗ್ಗೆ ಕಾಳಿ ನದಿಯ ಮೇಲಿನ ಮಂಜು ಕರಗುವ ಹೊತ್ತಿಗೆ ದಾಂಡೇಲಿಯಲ್ಲಿ 15 ಡಿಗ್ರಿ ಇದೆ ಎಂದುಕೊಳ್ಳಿ. ಸ್ವೆಟರ್ ಹಾಕಿ ಒಂದು ಲೋಟ ಚಹಾ ಕುಡಿದರೆ ಕಳೆದುಹೋಗುವ ಥಂಡಿ ಅದು. ಆದರೆ ಊರು ಸಮುದ್ರಮಟ್ಟದಿಂದ ಸುಮಾರು 470 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಮೇಲೇರಿದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪ ಇಳಿಯುತ್ತದೆ. ಹುಬ್ಬಳ್ಳಿಯಿಂದ ಹೊರಟ ಎರಡು ಸೀಟಿನ ಪುಟ್ಟ ವಿಮಾನವೊಂದು ಹಳಿಯಾಳದ ಕಬ್ಬಿನ ಗದ್ದೆಗಳನ್ನು ದಾಟಿ, ಸೂಪಾ ಹಿನ್ನೀರಿನ ಮೇಲೆ 6,000 ಅಡಿಯಲ್ಲಿ ಹಾರಿದರೆ ಹೊರಗಿನ ಗಾಳಿ ಲೆಕ್ಕದ ಪ್ರಕಾರ 6 ಡಿಗ್ರಿ. ಜೋಯಿಡಾದ ಕಾಡಿನ ಮೇಲೆ 10,000 ಅಡಿಗೆ ಏರಿದರೆ ಸೊನ್ನೆಗಿಂತಲೂ ಕೆಳಗೆ. ಇದು ಸರಾಸರಿ ಲೆಕ್ಕ. ಚಳಿಗಾಲದ ಮುಂಜಾನೆ ತಂಪು ಗಾಳಿ ಕಣಿವೆಯ ತಳದಲ್ಲೇ ಕೂತು, ಸಾವಿರ ಅಡಿ ಮೇಲೆ ಬೆಚ್ಚಗಿರುವುದೂ ಉಂಟು. ಆದರೂ ಇನ್ನಷ್ಟು ಮೇಲೇರಿದವರಿಗೆ ಚಳಿ ತಪ್ಪಿದ್ದಲ್ಲ.

ಸಣ್ಣ ವಿಮಾನದ ಚಳಿಗೂ ನೆಲದ ಚಳಿಗೂ ವ್ಯತ್ಯಾಸವಿದೆ. ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದ ಗಾಳಿ ಬಾಗಿಲಿನ ಸಂದಿನಿಂದ, ಪೆಡಲುಗಳ ಬುಡದಿಂದ, ನಿಯಂತ್ರಣ ತಂತಿಗಳು ಹಾದುಹೋಗುವ ತೂತುಗಳಿಂದ ಒಳಗೆ ನುಗ್ಗುತ್ತಲೇ ಇರುತ್ತದೆ. ಕೂತವರು ಕೈಕಾಲು ಆಡಿಸುವಂತಿಲ್ಲ. ಮೊದಲು ಪಾದ ಜೋಮು ಹಿಡಿಯುತ್ತದೆ, ಆಮೇಲೆ ಬೆರಳು. ಬೆರಳು ಮರಗಟ್ಟಿದ ಪೈಲಟ್ ರೇಡಿಯೊದ ಸಣ್ಣ ಗುಂಡಿಯನ್ನು ಹುಡುಕುತ್ತ ಕಣ್ಣು ಕೆಳಗಿಟ್ಟ ಒಂದೆರಡು ಕ್ಷಣಗಳಲ್ಲಿ ಏನು ಬೇಕಾದರೂ ಆಗಬಹುದು. ಹಾಗಾಗಿ ಕ್ಯಾಬಿನ್ನಿನ ಬಿಸಿ ಸುರಕ್ಷತೆಯ ವಿಷಯವೇ ಹೊರತು ಸುಖದ ವಿಷಯವಲ್ಲ. ಮನೆಯಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವವರು ಅದನ್ನು ಕಟ್ಟುವ ಕೆಲಸದ ಕೊನೆಯ ವಾರಕ್ಕೆ ಮುಂದೂಡುತ್ತಾರೆ ಎಂಬುದೇ ನನಗೆ ಕಳವಳ ತರುವ ಸಂಗತಿ.

ಮನೆಯಲ್ಲಿ ವಿಮಾನ ಕಟ್ಟುವುದೇ ಎಂದು ಹುಬ್ಬೇರಿಸುವವರಿಗೆ ಬೆಂಗಳೂರಿನ ಒಂದು ಕಥೆ ಹೇಳಬೇಕು. ರಾಜಹಂಸ ಅಲ್ಟ್ರಾಲೈಟ್ಸ್ ಎಂಬ ಕಂಪನಿ ಅಲ್ಲಿ ಎಕ್ಸ್-ಏರ್ ಎಂಬ ಎರಡು ಸೀಟಿನ ವಿಮಾನವನ್ನು ಬಿಡಿಭಾಗಗಳ ಕಿಟ್ ಆಗಿ ತಯಾರಿಸಿ ಹೊರದೇಶಗಳಿಗೆ ಕಳಿಸಿತು. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು, ಮೇಲೆ ಹಾಯಿದೋಣಿಯ ಹಾಯಿಗೆ ಬಳಸುವಂಥ ಡೇಕ್ರಾನ್ ಬಟ್ಟೆಯ ಹೊದಿಕೆ. 1990ರ ದಶಕದಿಂದ ಬ್ರಿಟನ್, ಫ್ರಾನ್ಸ್, ಅಮೆರಿಕಗಳಲ್ಲಿ ಎಷ್ಟೋ ಮಂದಿ ಈ ಪೆಟ್ಟಿಗೆಗಳನ್ನು ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲಿ, ಹೊಲದ ಕೊಟ್ಟಿಗೆಯಲ್ಲಿ ಜೋಡಿಸಿ ಹಾರಿಸಿದರು. ನಮ್ಮ ಬೆಚ್ಚನೆಯ ಊರಿನಲ್ಲಿ ಹೊಲಿದ ರೆಕ್ಕೆ ಇಂಗ್ಲೆಂಡಿನ ಡಿಸೆಂಬರಿನಲ್ಲಿ ಹಾರಬೇಕಾಯಿತು. ಎಕ್ಸ್-ಏರ್‌ಗೆ ಹಾಕುತ್ತಿದ್ದ ಎಂಜಿನ್ನುಗಳಲ್ಲಿ ಆಸ್ಟ್ರಿಯಾದ ರೋಟ್ಯಾಕ್ಸ್ 582 ಮುಖ್ಯವಾದದ್ದು: ಎರಡು ಸಿಲಿಂಡರಿನ, ಸುಮಾರು 65 ಅಶ್ವಶಕ್ತಿಯ, ನೀರಿನಿಂದ ತಂಪಾಗುವ ಟೂ-ಸ್ಟ್ರೋಕ್ ಎಂಜಿನ್.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, ಕೂಡ ಮನೆಕಟ್ಟಿನ ವಿಮಾನದಿಂದಲೇ ಪಾಠ ಕಲಿತ ಸಂಸ್ಥೆ. ಅಮೆರಿಕದ ಬರ್ಟ್ ರುಟಾನ್ ಹವ್ಯಾಸಿಗಳಿಗಾಗಿ ರೂಪಿಸಿದ ಲಾಂಗ್-ಈಝಿ ವಿನ್ಯಾಸವನ್ನು ಆಧರಿಸಿ ಅಲ್ಲಿನ ವಿಜ್ಞಾನಿಗಳು ಕಟ್ಟಿದ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಫೈಬರ್ ಮತ್ತು ಅಂಟಿನಿಂದ ವಿಮಾನ ಕಟ್ಟುವ ಕಸುಬು ಆಮೇಲೆ ಅದೇ ಸಂಸ್ಥೆಯ ಹಂಸ ಎಂಬ ಸಣ್ಣ ವಿಮಾನಕ್ಕೆ ಬಂತು. 1993ರ ನವೆಂಬರಿನಲ್ಲಿ ಹಂಸದ ಮೊದಲ ಹಾರಾಟವಾಯಿತು. ಹಂಸ-3ಕ್ಕೆ ರೋಟ್ಯಾಕ್ಸ್ 914 ಎಂಜಿನ್ ಬಂತು, 2021ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿದ ಹಂಸ-ಎನ್‌ಜಿಗೆ ರೋಟ್ಯಾಕ್ಸ್ 912 ಐಎಸ್. ಎನ್‌ಸಿಸಿ ಕೆಡೆಟ್‌ಗಳು ಹಾರುವ ಸ್ಲೊವೇನಿಯಾದ ಪಿಪಿಸ್ಟ್ರೆಲ್ ವೈರಸ್ ವಿಮಾನದಲ್ಲೂ ಅದೇ 912ರ ಕುಟುಂಬ. 2007ರಲ್ಲಿ ಭಾರತೀಯ ವಾಯುಪಡೆಯ ರಾಹುಲ್ ಮೋಂಗಾ ಮತ್ತು ಅನಿಲ್ ಕುಮಾರ್ 79 ದಿನಗಳಲ್ಲಿ ಭೂಮಿ ಸುತ್ತಿ ಬಂದ ಮೈಕ್ರೊಲೈಟ್ ಎಂಬ ಹಗುರ ವಿಮಾನದಲ್ಲೂ ಇದೇ ಎಂಜಿನ್ ಇತ್ತು. ಹೀಗೆ ನಮ್ಮ ಕಡೆಯ ಹಲವು ಸಣ್ಣ ವಿಮಾನಗಳು ಇಂದು ನೀರು ತಂಪಿನ ಎಂಜಿನ್ನಿನ ಮೇಲೆ ಹಾರುತ್ತಿವೆ. ಅವುಗಳ ಒಳಗೆ ಕೂತವರನ್ನು ಬೆಚ್ಚಗಿಡುವ ಬಗೆ ಯಾವುದು?

ಹಳೆಯ ಬಗೆ ಗಾಳಿ ತಂಪಿನ ಎಂಜಿನ್ನಿನದು. ಹೊಗೆ ಹೋಗುವ ಕೊಳವೆ ಅಥವಾ ಸೈಲೆನ್ಸರಿಗೆ ಸುತ್ತ ತಗಡಿನ ಕವಚ ಹಾಕುತ್ತಾರೆ. ಕವಚಕ್ಕೂ ಕೊಳವೆಗೂ ನಡುವಿನ ಸಂದಿನಲ್ಲಿ ಹೊರಗಿನ ಗಾಳಿ ಹಾದು, ಕಾದು, ಒಂದು ನಳಿಕೆಯ ಮೂಲಕ ಕ್ಯಾಬಿನ್ನಿಗೆ ಬರುತ್ತದೆ. ಹಗುರ, ಅಗ್ಗ, ಕೆಟ್ಟುಹೋಗುವ ಯಂತ್ರವೇ ಇಲ್ಲ, ಬಿಸಿಯೂ ಧಾರಾಳ. ಆದರೆ ಕಾಯುವ ಗಾಳಿಗೂ ವಿಷದ ಹೊಗೆಗೂ ನಡುವೆ ಇರುವುದು ಒಂದು ತೆಳು ತಗಡು ಮಾತ್ರ. ಆ ತಗಡು ಪ್ರತಿ ಹಾರಾಟದಲ್ಲೂ ಕೆಂಪಗೆ ಕಾದು ತಣ್ಣಗಾಗುತ್ತದೆ, ಎಂಜಿನ್ನಿನ ನಡುಕಕ್ಕೆ ಅದುರುತ್ತದೆ, ವರ್ಷಗಳು ಕಳೆದಂತೆ ಬೆಸುಗೆಯ ಬಳಿ ಬಿರುಕು ಬಿಡುತ್ತದೆ. ಬಿರುಕು ಕವಚದ ಒಳಗಿರುವುದರಿಂದ ಕವಚ ಬಿಚ್ಚದೆ ಕಾಣುವುದಿಲ್ಲ.

ಆ ಬಿರುಕಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಕು. ಪೈಲಟ್ ಅದನ್ನು ದಣಿವೆಂದು ತಿಳಿಯುತ್ತಾನೆ, ಥಂಡಿಯೆಂದು ಹೀಟರನ್ನು ಇನ್ನೂ ಜೋರು ಮಾಡುತ್ತಾನೆ. 2019ರ ಜನವರಿ 21ರ ರಾತ್ರಿ ಫ್ರಾನ್ಸಿನಿಂದ ಬ್ರಿಟನ್ನಿಗೆ ಹೊರಟಿದ್ದ ಪೈಪರ್ ಮಾಲಿಬು ಎಂಬ ಸಣ್ಣ ವಿಮಾನ ಇಂಗ್ಲಿಷ್ ಕಾಲುವೆಗೆ ಬಿತ್ತು. ಅದರಲ್ಲಿದ್ದ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಅವರ ರಕ್ತದಲ್ಲಿ ಹಿಮೊಗ್ಲೋಬಿನ್ನಿನ ಶೇ 58ರಷ್ಟು ಕಾರ್ಬನ್ ಮೊನಾಕ್ಸೈಡ್ ಹಿಡಿದುಕೊಂಡಿತ್ತು ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ ವರದಿ ಮಾಡಿತು. ಹೊಗೆ ಕೊಳವೆಯಿಂದ ಬಿಸಿ ತೆಗೆಯುವ ವ್ಯವಸ್ಥೆಯನ್ನು ನಾನು ಒಪ್ಪದಿರುವುದಕ್ಕೆ ಆ ಒಂದು ಅಂಕಿ ಸಾಕು. ರೋಟ್ಯಾಕ್ಸ್ ಇರುವ ಹಲವು ವಿಮಾನಗಳೂ ಹಗುರವೆಂಬ ಕಾರಣಕ್ಕೆ ಇಂದಿಗೂ ಸೈಲೆನ್ಸರ್ ಕವಚವನ್ನೇ ಬಳಸುತ್ತವೆ. ಪಕ್ಕದಲ್ಲೇ ಬಿಸಿನೀರು ಹರಿಯುತ್ತಿರುವಾಗ ಹೊಗೆಯ ಮೊರೆ ಹೋಗಬೇಕೆ?

ಮಲೆನಾಡಿನ ಬಚ್ಚಲೊಲೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಲೆಯ ಹೊಗೆ ಒಂದು ದಾರಿಯಲ್ಲಿ ಹೊರಗೆ ಹೋಗುತ್ತದೆ, ಹಂಡೆಯ ನೀರು ಇನ್ನೊಂದು ದಾರಿಯಲ್ಲಿ ಮೈಮೇಲೆ ಬೀಳುತ್ತದೆ. ಬೆಂಕಿ ಒಂದೇ, ದಾರಿ ಎರಡು.

ರೋಟ್ಯಾಕ್ಸ್ 912ರಲ್ಲಿ ನಾಲ್ಕು ಸಿಲಿಂಡರುಗಳಿವೆ, ಎರಡೆರಡು ಎದುರುಬದುರಾಗಿ ಮಲಗಿವೆ. ಸಿಲಿಂಡರಿನ ಮೈ ಗಾಳಿಯಿಂದ ತಂಪಾಗುತ್ತದೆ, ತಲೆ ಮಾತ್ರ ಕೂಲೆಂಟಿನಿಂದ. ನೀರು ಮತ್ತು ಗ್ಲೈಕಾಲ್ ಅರ್ಧಕ್ಕರ್ಧ ಬೆರೆಸಿದ ಕೂಲೆಂಟನ್ನು ಪಂಪು ತಳ್ಳುತ್ತದೆ. ಅದು ನಾಲ್ಕೂ ತಲೆಗಳನ್ನು ಸುತ್ತಿ, ಮೇಲಿರುವ ಪುಟ್ಟ ಟ್ಯಾಂಕಿಗೆ ಬಂದು, ರೇಡಿಯೇಟರಿಗೆ ಹೋಗಿ ಮರಳುತ್ತದೆ. ಈ ಕೂಲೆಂಟ್ 120 ಡಿಗ್ರಿ ದಾಟಬಾರದು. ಎಂಜಿನ್ ಆಯಿಲಿಗೆ ಬೇರೆಯೇ ಕೂಲರ್ ಇದೆ.

ಬಿಸಿಯ ಲೆಕ್ಕ ನೋಡಿ. ನೂರು ಅಶ್ವಶಕ್ತಿಯ 912 ಸಾಮಾನ್ಯ ಹಾರಾಟದಲ್ಲಿ ಗಂಟೆಗೆ ಸುಮಾರು 18 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಒಂದು ಲೀಟರಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದೆ, ಅಂದರೆ ಎಂಜಿನ್ನಿಗೆ ಸುಮಾರು 160 ಕಿಲೋವ್ಯಾಟ್ ಸುರಿಯುತ್ತಿದೆ. ಪ್ರೊಪೆಲರಿಗೆ ಹೋಗುವುದು ಅದರ ಮೂರನೇ ಒಂದು ಪಾಲಿಗೂ ಕಡಿಮೆ. ಮಿಕ್ಕಿದ್ದೆಲ್ಲ ಹೊಗೆಯಲ್ಲಿ, ಕೂಲೆಂಟಿನಲ್ಲಿ, ಆಯಿಲಿನಲ್ಲಿ, ಸಿಲಿಂಡರಿನ ಮೈಯಿಂದ ಗಾಳಿಗೆ ಹೋಗುತ್ತದೆ. ಗಂಟೆಗೆ 200 ಘನ ಮೀಟರ್ ಗಾಳಿಯನ್ನು 30 ಡಿಗ್ರಿ ಕಾಯಿಸಿ ಒಳಗೆ ಬಿಡಲು ಬೇಕಾದದ್ದು 2 ಕಿಲೋವ್ಯಾಟ್, ಒಟ್ಟಿನ ಎಂಬತ್ತರಲ್ಲಿ ಒಂದು ಪಾಲು. ವಿದ್ಯುತ್ತಿನಿಂದ ಕಾಯಿಸೋಣವೆಂದರೆ 912ರ ಒಳಗಿನ ಜನರೇಟರ್ ಕೊಡುವುದೇ ಸುಮಾರು 250 ವ್ಯಾಟ್. ಬಿಸಿಯಾಗುವ ಜಾಕೀಟೊಂದಕ್ಕೆ ಅದು ಸಾಕು, ಕ್ಯಾಬಿನ್ನಿಗೆ ಸಾಲದು. ಜಾಕೀಟನ್ನು ಹಗುರವಾಗಿ ಕಾಣಬೇಕಿಲ್ಲ. 1966ರಿಂದ ಮುಂಡಗೋಡಿನಲ್ಲಿ ನೆಲೆಸಿ, ಚಳಿಗಾಲ ಬಂತೆಂದರೆ ಊರೂರಿಗೆ ಸ್ವೆಟರ್ ಮಾರಲು ಹೋಗುವ ಟಿಬೆಟಿಯನ್ನರನ್ನು ಕೇಳಿದರೆ ಮೊದಲ ಹೀಟರ್ ಉಣ್ಣೆಯೇ ಎಂದಾರು. ಕ್ಯಾಬಿನ್ ಇಲ್ಲದ ಮೈಕ್ರೊಲೈಟ್‌ಗಳಲ್ಲಿ ಬೇರೆ ಉಪಾಯವೂ ಇಲ್ಲ.

ಕೂಲೆಂಟಿನ ಬಿಸಿಯನ್ನು ಒಳಗೆ ತರಲು ಎರಡು ದಾರಿಗಳಿವೆ. ಸರಳವಾದದ್ದು, ರೇಡಿಯೇಟರನ್ನು ಹಾದು ಬಂದ ಬೆಚ್ಚನೆಯ ಗಾಳಿಯನ್ನೇ ಹಿಡಿದು ಒಂದು ಮುಚ್ಚಳದ ಮೂಲಕ ಕ್ಯಾಬಿನ್ನಿಗೆ ಬಿಡುವುದು. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-12 ಎಂಬ ಜನಪ್ರಿಯ ಕಿಟ್ ವಿಮಾನದಲ್ಲಿ ಹೀಗೆ ಮಾಡಿದ್ದಾರೆ. ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದಲ್ಲೂ ಕಾಕ್‌ಪಿಟ್ಟಿನ ಬಿಸಿ ರೇಡಿಯೇಟರಿನ ಹಿಂದಿನಿಂದ ಬರುತ್ತಿತ್ತು. ಅದೇ ಯುದ್ಧದ ಪಿ-38 ಲೈಟ್ನಿಂಗ್‌ನಲ್ಲಿ ಎರಡು ಎಂಜಿನ್ನುಗಳೂ ಕಾಕ್‌ಪಿಟ್ಟಿನಿಂದ ದೂರ, ರೆಕ್ಕೆಗಳ ಮೇಲೆ ಇದ್ದವು. ಯುರೋಪಿನ ಎತ್ತರದಲ್ಲಿ ಅದರ ಪೈಲಟ್‌ಗಳು ಚಳಿಗೆ ತತ್ತರಿಸಿದ್ದು ಇಂದಿಗೂ ಮಾತಿನಲ್ಲಿದೆ. ಇಕ್ಕೆಲದಲ್ಲಿ ಸಾವಿರಾರು ಅಶ್ವಶಕ್ತಿಯ ಬಿಸಿ ಇದ್ದೂ ಅದನ್ನು ಪಾದದ ಬಳಿಗೆ ತರುವ ದಾರಿ ಸರಿಯಿರಲಿಲ್ಲ.

ರೇಡಿಯೇಟರ್ ಗಾಳಿಯ ವಿಧಾನಕ್ಕೆ ಒಂದು ಒಳಕೊರತೆ ಇದೆ, ಕಟ್ಟುವವರು ಅದನ್ನು ಮೊದಲೇ ತಿಳಿದಿರಬೇಕು. ರೇಡಿಯೇಟರನ್ನು ಅಳೆದು ಹಾಕುವುದು ಸೆಕೆಗಾಲದ ಏರುವಿಕೆಗೆ: ಮೇ ತಿಂಗಳ ಮಧ್ಯಾಹ್ನ, ಪೂರ್ತಿ ಶಕ್ತಿ, ಕಡಿಮೆ ವೇಗ. ಅದೇ ರೇಡಿಯೇಟರ್ ಚಳಿಗಾಲದ ನೇರ ಹಾರಾಟದಲ್ಲಿ ಬೇಕಾದ್ದಕ್ಕಿಂತ ತೀರಾ ದೊಡ್ಡದಾಗುತ್ತದೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ಕೂಲೆಂಟ್ 60 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಆಗ ರೇಡಿಯೇಟರಿನ ಹಿಂದಿನ ಗಾಳಿ ಉಗುರುಬೆಚ್ಚಗೆ ಮಾತ್ರ. ಬಿಸಿ ಬೇಡದಾಗ ಧಾರಾಳ, ಬೇಕಾದಾಗ ಇಲ್ಲ! ಹಾಗಾಗಿ ಶೀತದೇಶಗಳ ಹವ್ಯಾಸಿಗಳು ಚಳಿಗಾಲದಲ್ಲಿ ರೇಡಿಯೇಟರಿನ ಅರ್ಧಕ್ಕೆ ಟೇಪ್ ಅಂಟಿಸುತ್ತಾರೆ. ಅದನ್ನು ಬೇಸಿಗೆಯಲ್ಲಿ ಕೀಳುವುದು ಮರೆತರೆ ಎಂಜಿನ್ ಕಾದು ಕೂರುತ್ತದೆ. ನನ್ನ ಮಟ್ಟಿಗೆ ಸರಿಯಾದ ಉತ್ತರ ಬೈಪಾಸ್ ಇರುವ ಥರ್ಮೋಸ್ಟಾಟ್. ಕೂಲೆಂಟ್ ತಣ್ಣಗಿರುವಾಗ ಅದು ರೇಡಿಯೇಟರಿಗೆ ಹೋಗದೆ ನೇರ ಎಂಜಿನ್ನಿಗೆ ಮರಳುತ್ತದೆ, ಕಾದ ಮೇಲೆ ಮಾತ್ರ ರೇಡಿಯೇಟರಿನ ಬಾಗಿಲು ತೆರೆಯುತ್ತದೆ. ಕ್ಯಾಬಿನ್ನಿನ ಜೊತೆ ಎಂಜಿನ್ನಿಗೂ ಇದು ಒಳ್ಳೆಯದು. ಆಯಿಲ್ ಕೂಲರಿನ ಹಿಂದಿನ ಗಾಳಿಯನ್ನು ಮಾತ್ರ ಹಿಡಿಯಬೇಡಿ. ಅಲ್ಲಿ ಒಂದು ಜೋಡಣೆ ಸೋರಿದರೂ ಆಯಿಲ್ ಹೊಗೆ ನೇರ ಮುಖಕ್ಕೆ ಬರುತ್ತದೆ.

ಎರಡನೆಯ ದಾರಿ ಕಾರಿನದು. ಡ್ಯಾಶ್‌ಬೋರ್ಡಿನ ಹಿಂದೆ ಪುಸ್ತಕದಷ್ಟು ಗಾತ್ರದ ಒಂದು ಪುಟ್ಟ ರೇಡಿಯೇಟರ್, ಅದಕ್ಕೆ ಎಂಜಿನ್ನಿನಿಂದ ಎರಡು ಹೋಸ್ ಪೈಪು, ಹಿಂದೆ ಒಂದು ಬ್ಲೋವರ್ ಫ್ಯಾನು. ಗ್ಯಾರೇಜಿನವರು ಇದನ್ನು ಹೀಟರ್ ಕೋರ್ ಎನ್ನುತ್ತಾರೆ. ಹಳಿಯಾಳ–ದಾಂಡೇಲಿ ರಸ್ತೆಯ ಯಾವ ಅನುಭವಿ ಮೆಕ್ಯಾನಿಕ್‌ಗೂ ಇದರ ಗುಣ ಮತ್ತು ಅವಗುಣ ಗೊತ್ತು. ಅಣಶಿ ಘಾಟಿಯ ಏರಿನಲ್ಲಿ ಟೆಂಪರೇಚರ್ ಮುಳ್ಳು ಕೆಂಪಿನತ್ತ ಹೊರಟಾಗ ಅನುಭವಿ ಚಾಲಕ ಸೆಕೆಯಲ್ಲೂ ಹೀಟರ್ ಹಾಕುತ್ತಾನೆ. ಒಳಗಿನವರು ಬೆವರುತ್ತಾರೆ, ಎಂಜಿನ್ ಉಸಿರಾಡುತ್ತದೆ, ಏಕೆಂದರೆ ಹೀಟರ್ ಕೋರ್ ಎಂದರೆ ಎರಡನೆಯ ರೇಡಿಯೇಟರ್. ವಿಮಾನದ ಏರುವಿಕೆಯಲ್ಲೂ ಇದು ಅಷ್ಟೇ ನಿಜ. ಕಾಲಡಿಯ ಚಾಪೆ ಒದ್ದೆಯಾಗಿ, ಗಾಜಿಗೆ ಒಳಗಿನಿಂದ ಅಂಟಂಟು ಮಂಜು ಕವಿದು, ಸಿಹಿಯಾದ ವಾಸನೆ ಬಂದರೆ ಹೀಟರ್ ಕೋರ್ ಸೋರಿದೆ ಎಂದೂ ಅದೇ ಮೆಕ್ಯಾನಿಕ್ ಹೇಳುತ್ತಾನೆ.

ಕಾರಿನಲ್ಲಾದರೆ ರಸ್ತೆ ಬದಿಗೆ ನಿಲ್ಲಿಸಬಹುದು. ವಿಮಾನದಲ್ಲಿ ಅದೇ ಸೋರಿಕೆ ಮೂರು ಕಷ್ಟಗಳನ್ನು ಒಟ್ಟಿಗೆ ತರುತ್ತದೆ: ನೂರು ಡಿಗ್ರಿಯ ಆಸುಪಾಸಿನ ದ್ರವ ಕಾಲಿನ ಮೇಲೆ, ಹಬೆ ಮುಂದಿನ ಗಾಜಿನ ಮೇಲೆ, ಕೂಲೆಂಟ್ ಕಳೆದುಕೊಂಡ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾಯುವ ಭಯ. ಜೋಯಿಡಾದಿಂದ ಕದ್ರಾದವರೆಗೆ ಕಾಡು ಮತ್ತು ನೀರು ಬಿಟ್ಟರೆ ಇಳಿಯಲು ಬಯಲು ಕಾಣುವುದಿಲ್ಲ. ಹೊಗೆಯ ವಿಷ ತಪ್ಪಿಸಿದೆವೆಂಬ ನೆಮ್ಮದಿಯಲ್ಲಿ ಎಂಜಿನ್ನಿನ ಜೀವನಾಡಿಗೆ ಹೊಸ ತೂತು ಮಾಡಿದಂತಾಗಬಾರದು.

ಆದ್ದರಿಂದ ಈ ಕೆಲಸದ ಎಲ್ಲ ಜಾಣ್ಮೆ ಇರುವುದು ಹೋಸ್ ಪೈಪಿನಲ್ಲಿ. ಹೀಟರಿನ ಸುತ್ತು ಮುಖ್ಯ ಸುತ್ತಿಗೆ ಪಕ್ಕದ ಕವಲಾಗಿರಬೇಕು, ಅದರ ನಡುವೆ ಬರಬಾರದು. ಹೀಟರ್ ಕಟ್ಟಿಕೊಂಡರೂ ಎಂಜಿನ್ನಿನ ಕೂಲೆಂಟ್ ಹರಿವು ನಿಲ್ಲಬಾರದು. ಕವಲು ಹೊರಡುವ ಮತ್ತು ಮರಳುವ ಎರಡೂ ಕಡೆ ಎಂಜಿನ್ನಿನ ಬದಿಯಲ್ಲೇ ವಾಲ್ವ್ ಇದ್ದರೆ, ಒಳಗೆ ಸೋರಿದಾಗ ಹೀಟರನ್ನು ಕತ್ತರಿಸಿ ಹಾರಾಟ ಮುಂದುವರಿಸಬಹುದು. ಒಂದೇ ಬದಿಗೆ ವಾಲ್ವ್ ಇಟ್ಟರೆ ಮರಳುವ ಪೈಪಿನ ಒತ್ತಡದಿಂದ ಸೋರಿಕೆ ಮುಂದುವರಿಯುತ್ತದೆ, ಎಷ್ಟೋ ಮಂದಿ ಎಡವುವುದು ಇಲ್ಲೇ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಫೈರ್‌ವಾಲ್ ಎಂಬ ತಗಡಿನ ತಡೆಗೋಡೆ ಬೆಂಕಿಯನ್ನು ಕೆಲವು ನಿಮಿಷ ಹೊರಗೆ ಹಿಡಿದಿಡಲು ಇರುವುದು. ಅದಕ್ಕೆ ತೂತು ಕೊರೆದು ರಬ್ಬರ್ ಹೋಸನ್ನೇ ತೂರಿಸಿದರೆ ಬೆಂಕಿಗೆ ಬಾಗಿಲು ತೆರೆದಂತೆ. ಉಕ್ಕಿನ ಜೋಡಣೆಯನ್ನು ಗೋಡೆಗೆ ಬಿಗಿದು, ಎರಡೂ ಬದಿಯಿಂದ ಅದಕ್ಕೆ ಹೋಸ್ ಹಾಕಬೇಕು. ಹೀಟರ್ ಕೋರನ್ನು ಒಂದು ತಗಡಿನ ಪೆಟ್ಟಿಗೆಯಲ್ಲಿ ಕೂರಿಸಿ, ಪೆಟ್ಟಿಗೆಯ ತಳದಿಂದ ಹೊರಕ್ಕೆ ಒಂದು ಸಣ್ಣ ಕೊಳವೆ ಬಿಟ್ಟರೆ ಸೋರಿದ್ದು ವಿಮಾನದ ಹೊರಗೆ ತೊಟ್ಟಿಕ್ಕುತ್ತದೆ.

ಇನ್ನೊಂದು ಶತ್ರು ಗಾಳಿಗುಳ್ಳೆ. ಸುತ್ತಿನಲ್ಲಿ ಎಲ್ಲಿ ಎತ್ತರವೋ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಹೀಟರ್ ಕೋರ್ ಮೇಲಿನ ಟ್ಯಾಂಕಿಗಿಂತ ಎತ್ತರದಲ್ಲಿದ್ದರೆ ಅಲ್ಲೇ ಗುಳ್ಳೆ ನಿಂತು ಹರಿವು ನಿಲ್ಲುತ್ತದೆ, ಆ ಗುಳ್ಳೆ ಕದಲಿ ಪಂಪಿಗೆ ಬಂದರೆ ಇನ್ನೂ ಕೆಟ್ಟದ್ದು. ಈ ವಿಷಯದಲ್ಲಿ ಬೆಂಗಳೂರಿನ ಎಕ್ಸ್-ಏರ್‌ನ ರಚನೆ ಅನುಕೂಲಕರ. ಅದರ ಎಂಜಿನ್ ಮುಂದಿನ ಗಾಜಿನ ಮೇಲೆ, ಕೂತವರ ತಲೆಗಿಂತ ಎತ್ತರದಲ್ಲಿದೆ. ಹೀಟರನ್ನು ಪಾದದ ಬಳಿ ಇಟ್ಟರೆ ಗಾಳಿ ತಾನಾಗಿ ಮೇಲಕ್ಕೆ ಸಾಗುತ್ತದೆ. ಆದರೆ ಅಷ್ಟು ಎತ್ತರದಿಂದ ಪಾದದವರೆಗೆ ಹೋಗಿಬರುವ ಪೈಪು ಉದ್ದವಾಗುತ್ತದೆ, ಕೂಲೆಂಟಿನ ತೂಕ ಹೆಚ್ಚುತ್ತದೆ, ಅದುರುವ ಅಲ್ಯೂಮಿನಿಯಂ ಕೊಳವೆಗೆ ಪೈಪು ಉಜ್ಜಿ ಸವೆಯುವ ಜಾಗಗಳೂ ಹೆಚ್ಚುತ್ತವೆ. ಕೋರ್, ಪೈಪು, ಕೂಲೆಂಟ್, ಬ್ಲೋವರ್ ಎಲ್ಲ ಸೇರಿದರೆ ಕೆಲವು ಕಿಲೋ. ಆ ತೂಕಕ್ಕೆ ಹೆದರಿ ಹೀಟರ್ ಕೈಬಿಡುವವರ ಸಂಕಟ ನನಗೆ ಅರ್ಥವಾಗುತ್ತದೆ. ಅಂಥವರು ಮೊದಲು ಸಂದುಗಳನ್ನು ಮುಚ್ಚಲಿ. ಬಾಗಿಲಿಗೆ ರಬ್ಬರ್ ಪಟ್ಟಿ, ತಂತಿಯ ತೂತುಗಳಿಗೆ ಚರ್ಮದ ತೋಳು. ಸೋರುವ ಕ್ಯಾಬಿನ್ನಿಗೆ ಎಷ್ಟು ಬಿಸಿ ಸುರಿದರೂ ನಿಲ್ಲುವುದಿಲ್ಲ.

ಸಂದು ಮುಚ್ಚುವುದರಿಂದ ಇನ್ನೂ ಒಂದು ಲಾಭ. ಹಾರುವ ವಿಮಾನದ ಕ್ಯಾಬಿನ್ನಿನ ಒಳಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆ ಇರುವುದು ಸಾಮಾನ್ಯ. ಹಾಗಾಗಿ ಹೊಟ್ಟೆಯಡಿಯಲ್ಲಿ ಹರಿದುಹೋಗುವ ಎಂಜಿನ್ ಹೊಗೆಯನ್ನು ಹಿಂದಿನ ತೂತುಗಳು ಒಳಗೆ ಹೀರುತ್ತವೆ. ಹೀಟರ್ ಬಿಸಿನೀರಿನದೇ ಆದರೂ ಕಾರ್ಬನ್ ಮೊನಾಕ್ಸೈಡ್ ಈ ಹಿಂಬಾಗಿಲಿನಿಂದ ಬರಬಹುದು. ಬಣ್ಣ ಬದಲಾಯಿಸುವ ಅಗ್ಗದ ಬಿಲ್ಲೆ ಅಂಟಿಸಿ ಸುಮ್ಮನಾಗಬಾರದು. ಅದು ಕೆಲವು ತಿಂಗಳಲ್ಲಿ ಮಂದವಾಗುತ್ತದೆ, ಮಂಕಾದ ಪೈಲಟನ್ನು ಕೂಗಿ ಎಚ್ಚರಿಸುವುದೂ ಇಲ್ಲ. ಸದ್ದು ಮಾಡುವ ಎಲೆಕ್ಟ್ರಾನಿಕ್ ಸಾಧನವೇ ಬೇಕು. ಬ್ರಿಟನ್ನಿನಲ್ಲಿ ಪೈಲಟ್‌ಗಳಲ್ಲದ ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಹಲವು ಪಿಸ್ಟನ್ ಎಂಜಿನ್ ವಿಮಾನಗಳಿಗೆ 2025ರಿಂದ ಅದನ್ನು ಕಡ್ಡಾಯ ಮಾಡಿದ್ದಾರೆ.

ಇದೆಲ್ಲ ನಮ್ಮ ಕಾಡಿನ ತಾಲ್ಲೂಕುಗಳಿಗೆ ದೂರದ ಮಾತೆಂದು ನಾನು ಎಣಿಸುವುದಿಲ್ಲ. ಹಳಿಯಾಳದಲ್ಲಿ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯವಿದೆ, ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರಿದ್ದಾರೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಇದನ್ನು ಕೈಗೆತ್ತಿಕೊಳ್ಳಬಹುದು, ವಿಮಾನವೇ ಬೇಕಿಲ್ಲ. ಗುಜರಿಯಿಂದ ತಂದ ಹೀಟರ್ ಕೋರ್, ಬಿಸಿನೀರಿನ ಟ್ಯಾಂಕು, ಪಂಪು, ಬ್ಲೋವರ್, ನಾಲ್ಕು ಥರ್ಮಾಮೀಟರ್ ಸಾಕು. ನೀರು 60 ಡಿಗ್ರಿ ಇದ್ದಾಗ ಎಷ್ಟು ಬಿಸಿ ಸಿಗುತ್ತದೆ, 90 ಇದ್ದಾಗ ಎಷ್ಟು? ಹೋಸನ್ನು ಎತ್ತರಿಸಿದರೆ ಗುಳ್ಳೆ ಎಲ್ಲಿ ನಿಲ್ಲುತ್ತದೆ? ಕವಲಿನ ವಾಲ್ವ್ ಮುಚ್ಚಿದಾಗ ಮುಖ್ಯ ಸುತ್ತಿನ ಹರಿವು ಎಷ್ಟು ಬದಲಾಗುತ್ತದೆ? ವಿಮಾನ ಕಟ್ಟುವವರು ಹೆಚ್ಚಾಗಿ ಊಹೆಯಲ್ಲೇ ಬಿಡುವ ಪ್ರಶ್ನೆಗಳಿವು. ಹಂಸವನ್ನೋ ಎಕ್ಸ್-ಏರನ್ನೋ ಮುಂದೆ ಲಡಾಖಿನ ಚಳಿಗೆ ಒಯ್ಯುವವರಿಗೆ ಹಳಿಯಾಳದ ಒಂದು ಮೇಜಿನ ಮೇಲೆ ಅಳೆದ ಆ ಅಂಕಿಗಳು ನೇರವಾಗಿ ಉಪಯೋಗಕ್ಕೆ ಬರುತ್ತವೆ.